ಜೀಪಿಗೆ ಅಮ್ಮ ಹೊಲಿದ ಚೀಲ

ಜಯನಗರ, ೮-೮-೧೯೬೧

ತೀರ್ಥರೂಪ ಸಮಾನರಾದ ಶಾಮಣ್ಣನವರಿಗೆ ಸೀನು ಮಾಡುವ ನಮಸ್ಕಾರಗಳು.

ನಮ್ಮ ಬಡಾವಣೆಯ ಚರಿತ್ರೆಯಲ್ಲಿ ಬಂಗಾರದ ಅಕ್ಷರಗಳಲ್ಲಿ ಬರೆಯಬೇಕಾದ ಸುದ್ದಿ: ಅಪ್ಪ ಬಿಟ್ಟುಹೋದ ಜೀಪಿನ ಮುಂದಿನ ಶಾಫ್ಟಿನ ಕೀಲು ನಿನ್ನೆ ನಮ್ಮ ಅಂಗಳದಲ್ಲೇ, ಕೆಸರು ಒಳಸೇರದಂತೆ ತಡೆಯುವ ಹೊಸ ರಬ್ಬರ್ ಚೀಲವನ್ನು ಧರಿಸಿತು!

ಹಳೆಯ ಚೀಲ ಹರಿದು, ಕೀಲಿನೊಳಗೆ ಕೆಸರು ಸೇರಿ, ಗಾಡಿ ಕರಕರ ಎನ್ನುತ್ತಿದ್ದುದಕ್ಕೇ ಅಲ್ಲವೆ, ಮಾರಿಬಿಡೋಣ, ಭಾನುವಾರ ಗಿರಾಕಿಯನ್ನು ಕರೆತರುತ್ತೇನೆ ಎಂದು ನೀವು ಬರೆದದ್ದು? ಅಂಥ ಚೀಲ ಪೇಟೆಯಲ್ಲೆಲ್ಲೂ ಸಿಗಲಿಲ್ಲ. ಚರ್ಮದ್ದು ಹೊಲಿಸುತ್ತೇನೆಂದೆ. ಅಮ್ಮ ಗೇಟಿಗೆ ಅಡ್ಡ ನಿಂತಳು.

"ನಿಮ್ಮಪ್ಪ ಇದರಲ್ಲೇ ನನ್ನ ದೇವಸ್ಥಾನಕ್ಕೆ ಕರ್ಕೊಂಡ್ಹೋಗ್ತಿದ್ರು ಕಣೋ. ಇದಕ್ಕೆ ಚರ್ಮ ಕಟ್ತೀಯಾ?"

"ರಬ್ಬರ್ ಆಗುತ್ತೇನಮ್ಮ?"

"ಅದು ಮರದ ಹಾಲು, ಮಡೀಗೆ ಬರುತ್ತೆ. ಇಲ್ಲಿ ಕೊಡು. ನೀನು ಹೊಲಿದ್ರೆ ಅಂಗಿ ಗುಂಡೀನೇ ನಿಲ್ಲಲ್ಲ!"

ಹಳೆಯ ಲಾರಿ ಟ್ಯೂಬನ್ನು ಅಮ್ಮನೇ ಕತ್ತರಿಸಿ, ಗೋಣಿ ಹೊಲಿಯುವ ದಬ್ಬಳದಲ್ಲಿ ಹೊಲಿದಳು. ನಾನು ಜೀಪಿನಡಿ ಮಲಗಿ ಶಾಫ್ಟ್ ಬಿಚ್ಚಿ, ಕೆಸರು ತೊಳೆದು, ಗ್ರೀಸ್ ತುಂಬಿ, ಚೀಲ ತೊಡಿಸಿ ತಂತಿ ಬಿಗಿದೆ. ಇವತ್ತು ವಸಂತಪುರದ ಗುಡ್ಡ ಹತ್ತಿಸಿದೆ. ನಾಲ್ಕೂ ಚಕ್ರ ಎಳೆದವು, ಒಂದು ಸದ್ದಿಲ್ಲ. ಅಪ್ಪ ಹೋದಮೇಲೆ ಹಿಂದೆಯೇ ಕೂರುತ್ತಿದ್ದ ಅಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ "ಚೀಲ ನಾನೇ ಹೊಲ್ದಿದ್ದು" ಎನ್ನುತ್ತಿದ್ದಳು.

ಭಾನುವಾರ ಖಂಡಿತ ಬನ್ನಿ. ಗಿರಾಕಿಯನ್ನು ಮಾತ್ರ ಅಲ್ಲೇ ಬಿಟ್ಟು, ಆತನ ಬದಲು ಒಂದು ಹಳೆಯ ಲಾರಿ ಟ್ಯೂಬ್ ತನ್ನಿ. ಹಿಂದಿನ ಶಾಫ್ಟಿನ ಚೀಲವೂ ಸವೆದಿದೆ. ಅಮ್ಮ ಆಗಲೇ ದಬ್ಬಳಕ್ಕೆ ದಾರ ಪೋಣಿಸಿಕೊಂಡು ಕೂತಿದ್ದಾಳೆ.

ಇತಿ ನಿಮ್ಮ ತಮ್ಮ,
ಸೀನು