ಸೈಲೆನ್ಸರಿಗೆ ಸಿಕ್ಕ ಉಣ್ಣೆ

ಮೂಡಲಗಿ,
ಗುರುವಾರ, ೧೨ ಡಿಸೆಂಬರ್ ೨೦೨೪

ಪ್ರೀತಿಯ ಸಾಗರ,

ನಿನ್ನ ಅವ್ವ ಮಾಯವ್ವ ಮಾಡುವ ಆಶೀರ್ವಾದ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಇಚಲಕರಂಜಿಯ ಮಗ್ಗದ ಧೂಳಿಗೆ ನಿನ್ನ ಕೆಮ್ಮು ಮತ್ತೆ ಎದ್ದಿತೇ? ಮೂಗಿಗೆ ವಸ್ತ್ರ ಕಟ್ಟಿಕೋ, ಯಾರು ನಕ್ಕರೆ ನಗಲಿ. ಫೋನ್ ಹಚ್ಚಿದರೆ ಬಂದ್. ನಿನ್ನ ಯಲ್ಲಾರಿ ಮಾವನಿಗೆ ಹಚ್ಚಿದರೆ “ಅಕ್ಕಾ, ಈಗಷ್ಟ ಮಲಗ್ಯಾನ” ಅನ್ನುತ್ತಾನೆ. ಹನ್ನೊಂದು ದಿನ ಒಂದೇ ಸಮ ಮಲಗುವ ಮಗನನ್ನು ನಾನಂತೂ ಹಡೆದಿಲ್ಲ. ಅದಕ್ಕೇ ಪೆನ್ನು ಹಿಡಿದೆ. ಏಳನೇ ಇಯತ್ತೆ ಕಲಿತವಳ ಅಕ್ಷರ, ಕಷ್ಟಪಟ್ಟು ಓದು.

ಮೊದಲು ಊರಿನ ಸುದ್ದಿ. ನಮ್ಮ ಖಂಡೆಪ್ಪ ಕಾಕಾ ತೀರಿಕೊಂಡರು. ನೀನು ಊರು ಬಿಟ್ಟ ದಿನವೇ, ಮುಂಜಾನೆ, ಮೇಲವಂಕಿ ರಸ್ತೆಯಲ್ಲಿ. ಕುರಿ ಹಟ್ಟಿಯ ಬಾಜೂಕ ರಸ್ತೆಯಂಚಿಗೆ ಕಂಬಳಿ ಹೊದ್ದು ಕೂತಿದ್ದರಂತೆ. ಯಾವುದೋ ಗಾಡಿ ಬಡಿದು ನಿಲ್ಲದೇ ಹೋಗಿದೆ. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆದುಕೊಂಡು ಹೋದವನು ಪರಶುರಾಮ. ಹೀಗಾಗಿ ಅವನ ಹೆಸರೇ ಬಂದಿದೆ. ಪೊಲೀಸರು ಎರಡು ಸಲ ಒಯ್ದು ಕೂಡಿಸಿದರು. ಅವನ ಹೆಂಡತಿ ನೀರಿಗೆ ಬಂದರೆ ಹೆಂಗಸರೆಲ್ಲ ಕೊಡ ಎತ್ತಿಕೊಂಡು ಸರಿಯುತ್ತಾರೆ. ನಾನೂ ಒಂದು ದಿನ ಸರಿದೆ, ಸುಳ್ಳು ಯಾಕೆ ಹೇಳಲಿ.

ಇನ್ನು ನಿನ್ನ ಬೈಕ್ ಗಾಡಿ. ಹೋಗುವಾಗ ನೀನು ಹೇಳಿದ್ದು ಇಷ್ಟೇ: “ಅವ್ವಾ, ಮಂಜಿನ್ಯಾಗ ಒಂದ್ ಕರಿ ಕುರಿಗಿ ಬಡದ ಬಿದ್ನಿ. ಸೈಲೆನ್ಸರ್ ಒಡದೈತಿ. ಯಾರ ಕಡೆನೂ ಒಯ್ಯಬ್ಯಾಡ, ನಾ ಬಂದ ಮ್ಯಾಲ ಮಾಡಸ್ತೇನಿ.” ಯಾರ ಕುರಿ, ಹೋಗಿ ಹೇಳಿ ಬಾ ಎಂದು ನಾನು ಬೈದೆ. ನೀನು ರೊಟ್ಟಿಯನ್ನೂ ತಿನ್ನದೆ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ಹೋದೆ. ಕುರಿ ಅಂದೆ, ನಾನು ನಂಬಿದೆ. ಕುರುಬರ ಮನೆಯಲ್ಲಿ ಕುರಿಯ ವಿಷಯಕ್ಕೆ ಯಾರೂ ಸುಳ್ಳು ಹೇಳುವುದಿಲ್ಲವಲ್ಲ.

ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತು. ಹುಕ್ಕೇರಿಯ ಗಾಡಿ ರಿಪೇರಿ ಅಂಗಡಿಯಲ್ಲಿ ನಿಮ್ಮಪ್ಪನಿಗೆ ಹದಿನೆಂಟು ವರ್ಷ ನಟ್ಟು ಬಿಚ್ಚುವ ಪಾನಾ ಎತ್ತಿಕೊಟ್ಟವಳು ನಾನು. “ಹದಿನಾಲ್ಕರ ಪಾನಾ ಕೇಳಿದ್ರ ಹನ್ನೆರಡರದ್ದ ಕೊಡತಿ, ಎಂಥಾಕಿನ್ನ ಕಟ್ಟಿಕೊಂಡ್ನೆಪಾ” ಎಂದು ಗಿರಾಕಿಗಳ ಮುಂದೆ ನಗಿಸುತ್ತಿದ್ದರು. ಅವರು ತೀರಿಹೋದ ಮೇಲೆ ಆ ಪಾನಾ ಪೆಟ್ಟಿಗೆಯನ್ನು ನಾನು ತೆರೆದಿರಲಿಲ್ಲ. ಮೊನ್ನೆ ತೆರೆದೆ. ನೀನು ಬಂದಾಗ ಗಾಡಿ ನೆಟ್ಟಗಿರಲಿ, ಅವ್ವ ಮಾಡಿದಳೆಂದು ನೀನು ಬಾಯಿ ತೆರೆದು ನಿಲ್ಲಬೇಕು ಅಂತ ಆಸೆ.

ಸೈಲೆನ್ಸರ್ ಬಿಚ್ಚಲು ನೋಡಿದೆ, ನಟ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಗಾಡಿಯನ್ನು ಗೋಡೆಗೆ ಒರಗಿಸಿ ಹಾಗೇ ಮಾಡಿದೆ. ಹೊರಮಗ್ಗುಲು ತಗ್ಗು ಬಿದ್ದು, ಬೆರಳುದ್ದ ಸೀಳಿತ್ತು. ತಂತಿಯ ಬ್ರಷ್ಷಿನಿಂದ ತುಕ್ಕು ಉಜ್ಜಿದೆ. ಪೇಟೆಯಿಂದ ಬಿಸಿ ತಾಳುವ ಪೇಸ್ಟ್ ತಂದು ಸೀಳಿಗೆ ಮೆತ್ತಿದೆ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಸುತ್ತಿ, ಎರಡು ಕಡೆ ಕ್ಲಿಪ್ ಹಾಕಿ ಬಿಗಿದೆ. ಒಂದು ದಿನ ಒಣಗಲು ಬಿಟ್ಟು ನಿನ್ನೆ ಮಧ್ಯಾಹ್ನ ಕಿಕ್ ಹೊಡೆದೆ. ಅಬ್ಬಾ, ಸಪ್ಪಳ ಎಷ್ಟು ಮೆತ್ತಗಾಗಿತ್ತು! ಒಬ್ಬಳೇ ನಿಂತು ನಕ್ಕೆ.

ಸೈಲೆನ್ಸರ್ ಕಾಯ್ದ ಮೇಲೆ ವಾಸನೆ ಬಂತು. ಉಣ್ಣೆ ಸುಡುವ ವಾಸನೆ. ಎಂಜಿನ್ ಬಂದ್ ಮಾಡಿ, ಬಗ್ಗಿ ನೋಡಿದರೆ ಸ್ಟ್ಯಾಂಡಿನ ಹಿಂದೆ ಕರ್ರಗೆ ಏನೋ ಸುತ್ತಿಕೊಂಡಿತ್ತು. ಚಿಮಟದಿಂದ ಎಳೆದೆ. ಖರೆ ಹೇಳುತ್ತೇನೆ, ಮೊದಲು ಖುಷಿಯೇ ಆಯಿತು. ನೋಡು, ಕುರಿಯ ಉಣ್ಣೆ, ನನ್ನ ಮಗ ಹೇಳಿದ್ದು ನಿಜ ಅಂದುಕೊಂಡೆ. ಆಮೇಲೆ ಬೆರಳಲ್ಲಿ ಹಿಡಿದು ತಿಕ್ಕಿದೆ. ಅದರಲ್ಲಿ ಹುರಿ ಇತ್ತು, ಸಾಗರ. ಕುರಿಯ ಮೈಮೇಲಿನ ಉಣ್ಣೆಗೆ ಹುರಿ ಎಲ್ಲಿಂದ ಬರಬೇಕು? ಕೂತು ನೂತರೆ ಮಾತ್ರ ಬರುತ್ತದೆ. ಅದು ಕಂಬಳಿಯ ಎಳೆ. ಖಂಡೆಪ್ಪ ಕಾಕಾನನ್ನು ಅವರ ಕಂಬಳಿಯಲ್ಲೇ ಸುತ್ತಿ ಮಣ್ಣು ಮಾಡಿದರು. ಅದರ ಒಂದು ಅಂಚು ಹರಿದಿತ್ತು. ಅವರ ಹೆಂಡತಿ ಕಾಡವ್ವ ಅದನ್ನು ಹಿಡಿದುಕೊಂಡು “ಈ ತುದಿ ಯಾರ ಒಯ್ದಾರವಾ?” ಎಂದು ಎಲ್ಲರನ್ನೂ ಕೇಳಿದಳು. ನನ್ನನ್ನೂ ಕೇಳಿದಳು.

ನಿನ್ನೆಯಿಂದ ಆ ವಾಸನೆ ಕೈ ಬಿಟ್ಟು ಹೋಗುತ್ತಿಲ್ಲ. ಸಾಬೂನು ಹಾಕಿ ತೊಳೆದೆ, ಬೂದಿ ಹಾಕಿ ತಿಕ್ಕಿದೆ, ರೊಟ್ಟಿ ತಟ್ಟಿದರೆ ಹಿಟ್ಟಿನಲ್ಲೂ ಅದೇ. ಬೆಳಕಿರುವಾಗಲೇ ನಮ್ಮ ಮನೆಯ ಕಟ್ಟೆಯ ಮೇಲೆ ಕಾಕಾ ಕೂತ ಹಾಗೆ ಕಾಣುತ್ತದೆ. ಸಿಟ್ಟಿಲ್ಲ, ಏನಿಲ್ಲ. ದಿನಾ ಕೇಳುತ್ತಿದ್ದ ಹಾಗೆ “ಸಾಗರ ಎದ್ದಾನೇನವಾ?” ಎಂದು ಕೇಳುತ್ತಾರೆ. ನನಗೆ ಹೆದರಿಕೆಯಾಗುತ್ತದೆ ಮಗಾ. ಅವರಿಗಲ್ಲ, ನಿನಗೆ ಹೆದರುತ್ತಿದ್ದೇನೆ. ಕುರಿಗೆ ಬಡಿದಿದ್ದರೆ ನೀನು ಇಳಿದು ಕಿವಿ ನೋಡುತ್ತಿದ್ದೆ. ಕಿವಿಯ ಕಚ್ಚು ನೋಡಿ ಯಾರ ಹಿಂಡಿನದೆಂದು ಹೇಳುವುದನ್ನು ನಿನಗೆ ಕಲಿಸಿದ್ದೇ ಕಾಕಾ. ಅವತ್ತು ನೀನು ಇಳಿದೆಯಾ, ಸಾಗರ? ಬಗ್ಗಿ ನೋಡಿದೆಯಾ?

ಆ ಎಳೆಯನ್ನು ಒಲೆಗೆ ಹಾಕಲು ಎರಡು ಸಲ ಕೈ ಹೋಯಿತು. ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೀನು ನನಗೆ ಒಬ್ಬನೇ ಮಗ, ನಿನ್ನ ಮೇಲಿನ ಜೀವ ಒಂದು ಕೂದಲಷ್ಟೂ ಕಡಿಮೆಯಾಗಿಲ್ಲ. ಆದರೆ ಪರಶುರಾಮನ ಹೆಂಡತಿಯನ್ನು ಕಂಡು ಇನ್ನೊಮ್ಮೆ ಸರಿದು ನಿಲ್ಲಲು ನನ್ನಿಂದ ಆಗುವುದಿಲ್ಲ.

ಯಲ್ಲಾರಿ ಮಾವನಿಗೂ ಅವನ ಮನೆಯವರಿಗೂ ಕೇಳಿದೆನೆಂದು ಹೇಳು. ನಮ್ಮ ದೇವರು ಬೀರಪ್ಪ ನಿನಗೆ ಬುದ್ಧಿ ಕೊಡಲಿ, ಧೈರ್ಯವನ್ನೂ ಕೊಡಲಿ.

ನಿನ್ನನ್ನು ಹಡೆದ,
ಅವ್ವ ಮಾಯವ್ವ

ತಾ.ಕ.: ಪಾಕೀಟು ಅಂಟಿಸಿದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈಗ ಕಾಡವ್ವನ ಮನೆಗೆ ಹೋಗಿ ಎಲ್ಲ ಹೇಳಿ ಬಂದೆ. ಬೈಯಲಿಲ್ಲ, ಅಳಲೂ ಇಲ್ಲ. ಕುಡಿಯಲು ನೀರು ಕೊಟ್ಟಳು. ಸೋಮವಾರ ಇಬ್ಬರೂ ಕೂಡಿ ಪೊಲೀಸ್ ಠಾಣೆಗೆ ಹೋಗಿ ಪರಶುರಾಮನನ್ನು ಈ ಆರೋಪದಿಂದ ಬಿಡಿಸುತ್ತೇವೆ. ಅದಕ್ಕೂ ಮೊದಲು ನೀನು ಬಾ. ಕಾಡವ್ವ ಕೇಳಿದ್ದು ಒಂದೇ ಮಾತು: “ನಿನ್ನ ಮಗಾ ಬಿಟ್ಟ ಹೋಗೂಮುಂದ ಅವರದು ಇನ್ನಾ ಜೀವ ಇತ್ತೇನವಾ?” ನಾನು ಏನು ಹೇಳಲಿ? ನೀನೇ ಬಂದು ಹೇಳು.