ಮುಕ್ಕಾಲು ಇಂಚಿನ ಅಳಿಯ

ಮಾನ್ಯ ಕಮಿಷನರ್ ಅವರೇ,

ಕುರ್ಚಿ ಬಿಡಲು ಇನ್ನೇನು ಕೆಲವೇ ದಿನಗಳಿವೆ ಎನ್ನುವಾಗ ತಾವು ವಿದೇಶಿ ಆಟಗಾರರ ಎತ್ತರದ ಮಿತಿಯನ್ನು ತೆಗೆದುಹಾಕಿದ್ದೀರಿ. ಆರು ಅಡಿ ಐದು ಇಂಚು ಎಂಬ ಗೆರೆ ಇನ್ನಿಲ್ಲವಂತೆ, ತೆಂಗಿನಮರದಷ್ಟು ಉದ್ದದವನೂ ನಮ್ಮ ಬ್ಯಾಸ್ಕೆಟ್‌ಬಾಲ್ ಲೀಗಿಗೆ ಬಂದು ಆಡಬಹುದಂತೆ. ಪತ್ರಿಕೆಗಳು ತಮ್ಮನ್ನು ದೂರದೃಷ್ಟಿಯುಳ್ಳ ಮಹನೀಯರೆಂದು ಹೊಗಳಿವೆ. ಬಹಳ ಸಂತೋಷ. ಆದರೆ ಈ ದೂರದೃಷ್ಟಿ ಹದಿನೈದು ವರ್ಷಗಳ ಹಿಂದೆ ಎಲ್ಲಿ ಮಲಗಿತ್ತು ಸ್ವಾಮಿ? ಮುಕ್ಕಾಲು ಇಂಚು ಜಾಸ್ತಿ ಇದ್ದಾನೆಂದು ಅವತ್ತು ತಾವು ಆಚೆ ಕಳಿಸಿದ ರಾಸ್ಕೋ ಎಂಬ ಅಮೆರಿಕದ ಹುಡುಗ ಈಗ ನನ್ನ ಅಳಿಯ. ನಾನಿದನ್ನು ಬರೆಯುತ್ತಿರುವಾಗ ನನ್ನ ಊಟದಂಗಡಿಯ ಅಡುಗೆಮನೆಯಲ್ಲಿ ಸೂರಿಗೆ ತಲೆ ತಾಗದಂತೆ ಬಗ್ಗಿಕೊಂಡು ಮೀನು ತೊಳೆಯುತ್ತಿದ್ದಾನೆ.

ನಾನು ಅನ್ಯಾಯದ ಮಾತಾಡುವವಳಲ್ಲ. ಇಪ್ಪತ್ತೆರಡು ವರ್ಷ ಆಳಿದವರನ್ನು ಒಂದೇ ಏಟಿಗೆ ಕೆಟ್ಟವರೆನ್ನಲು ಬಾಯಿ ಬರುವುದಿಲ್ಲ. ತಾವು ಬರುವ ಮೊದಲು ನಮ್ಮ ಜನ ರೆಫರಿಯ ಮೇಲೆ ಚಿಲ್ಲರೆ ಕಾಸು, ಬ್ಯಾಟರಿ ಸೆಲ್ಲು, ಒಮ್ಮೊಮ್ಮೆ ಕಾಲಿನ ಚಪ್ಪಲಿ ಕೂಡ ಎಸೆಯುತ್ತಿದ್ದರು. ಅದನ್ನು ನಿಲ್ಲಿಸಿದಿರಿ. ಮನಿಲಾ ಬಿಟ್ಟು ಬೇರೆ ಊರೇ ಇಲ್ಲವೆಂಬಂತಿದ್ದ ಆಟವನ್ನು ದ್ವೀಪದಿಂದ ದ್ವೀಪಕ್ಕೆ ಒಯ್ದಿರಿ. ಪುಣ್ಯ ಬರಲಿ. ಆದರೆ ತಂಡಗಳನ್ನು ಕಂಪನಿಗಳು ಸಂತೆಯಲ್ಲಿ ಹಂದಿಮರಿ ಮಾರಿದ ಹಾಗೆ ಮಾರಿಕೊಳ್ಳುವಾಗ ತಾವು ಕೈಕಟ್ಟಿ ನೋಡುತ್ತಿದ್ದಿರಿ. ಕೊಂಡ ಕಂಪನಿಯ ಸರಕಿನ ಹೆಸರೇ ತಂಡದ ಹೆಸರು; ನಮ್ಮ ತಂಡ ಮೊದಲು ಸೋಯಾ ಸಾಸ್ ಆಗಿತ್ತು, ಆಮೇಲೆ ನೆಲಕ್ಕೆ ಹಚ್ಚುವ ಮೇಣವಾಯಿತು, ಈಗ ಶಾಂಪೂ. ನನ್ನ ಗಂಡ ಆಂಬೊ ಬೀದಿ ಬೀದಿಯ ಜನರನ್ನು ತುಂಬಿಕೊಂಡು ಜೀಪ್ನಿ ಓಡಿಸುವವನು, ತಂಡಕ್ಕಾಗಿ ಪ್ರಾಣ ಬಿಡುವವನು. ಮೇಣದ ವರ್ಷ ಟಿವಿ ಮುಂದೆ ತಲೆ ಮೇಲೆ ಕೈಹೊತ್ತು ಕೂತುಬಿಟ್ಟ. "ನಿನ್ನೆವರ್ಗೂ ಸೋಯಾ ಸಾಸ್‌ಗೆ ಜೈ ಅಂದೆ, ಇವತ್ತಿಂದ ನೆಲದ ಮೇಣಕ್ಕೆ ಜೈ ಅನ್ಬೇಕಾ? ಇರೋದು ಒಂದೇ ಬಾಯಿ ಕಣೇ!" ಅಂದ. ಮಾರನೆಯ ದಿನದಿಂದ ಮೇಣಕ್ಕೇ ಜೈ ಅಂದ, ಆ ಮಾತು ಬೇರೆ.

ಇನ್ನು ಆ ಅಳತೆಯ ದಿನದ ಕಥೆ. ತಮಗೆ ಮರೆತಿರಬಹುದು, ಕ್ರೀಡಾಂಗಣದ ಹಿಂದಿನ ನಮ್ಮ ಬೀದಿಗೆ ಮರೆತಿಲ್ಲ. ಬೆಳಿಗ್ಗೆ ಎದ್ದಾಗ ಉದ್ದವಿರುವ ಮನುಷ್ಯ ಭಾರ ಹೊತ್ತರೆ ಒಂಚೂರು ಗಿಡ್ಡವಾಗುತ್ತಾನೆ ಎನ್ನುವುದು ನಮ್ಮ ಕುಬಾವ್‌ನಲ್ಲಿ ಹಸುಗೂಸಿಗೂ ಗೊತ್ತು. ಹಾಗಾಗಿ ನಮ್ಮ ತಂಡದ ಮ್ಯಾನೇಜರ್, ಅಮೆರಿಕದಿಂದ ಕರೆಸಿದ್ದ ಹುಡುಗ ರಾಸ್ಕೋನನ್ನು ನೇರ ನನ್ನ ಅಂಗಡಿಗೆ ಕರೆತಂದು, ನನ್ನದೇ ಅಕ್ಕಿಮೂಟೆಯನ್ನು ಅವನ ಹೆಗಲಿಗೇರಿಸಿ, ಬೀದಿಯುದ್ದಕ್ಕೂ ನಡೆಸತೊಡಗಿದ.

"ಅಯ್ಯೋ, ಏನಪ್ಪಾ ಇದು? ಇವ್ನು ಆಟಗಾರನೋ ಹಮಾಲಿಯೋ?" ಎಂದೆ.

"ಸುಮ್ನಿರಿ ಆಲಿಂಗ್ ನಿಲಾ. ಅವ್ನು ಕುಗ್ಗಿದ್ರೆ ನಾವು ಗೆಲ್ತೀವಿ," ಎಂದ ಮ್ಯಾನೇಜರ್, ಬೀದಿಯವರಂತೆ ನನ್ನನ್ನು ಮರ್ಯಾದೆಯಿಂದ ಆಲಿಂಗ್ ಎಂದೇ ಕರೆಯುತ್ತಾ.

ಪಾಪ, ಹುಡುಗ ಬೆವರು ಸುರಿಸುತ್ತಾ ನಕ್ಕ. ಹುಣಸೆ ಹುಳಿ ಹಾಕಿದ ಬಿಸಿ ಸಿನಿಗಾಂಗ್ ಸಾರು ಕೊಟ್ಟರೆ ಮೂಟೆ ಇಳಿಸದೆಯೇ ನಿಂತು ಕುಡಿದ. ಬಟ್ಟಲು ಹಿಡಿದಿದ್ದವಳು ನನ್ನ ಮಗಳು ಕೊರಿತಾ.

ಮಧ್ಯಾಹ್ನ ಬೀದಿಗೆ ಬೀದಿಯೇ ಅಳತೆ ನೋಡಲು ಕ್ರೀಡಾಂಗಣಕ್ಕೆ ನುಗ್ಗಿತು. ಹುಡುಗ ಸಡಿಲ ಪ್ಯಾಂಟಿನೊಳಗೆ ಮೊಣಕಾಲು ಚೂರೇ ಚೂರು ಮಡಿಸಿ ಗೋಡೆಗೆ ಒರಗಿದ. ಸರಿಯಾಗಿ ಆರು ಅಡಿ ಐದು ಇಂಚು! ಮೋಸ ಎನ್ನುತ್ತೀರಾ? ಮೋಸವೇ. ಆದರೆ ಉಳಿದ ತಂಡಗಳ ಉದ್ದಣ್ಣರು ಅದೇ ಗೋಡೆಗೆ ಕುರ್ಚಿಯ ಮೇಲೆ ಕೂತಷ್ಟು ಮಡಿಸಿ ನಿಂತಾಗ ತಮ್ಮವರು ಸೂರು ನೋಡುತ್ತಿರಲಿಲ್ಲವೇ? ನಮ್ಮವನ ಸರದಿ ಬಂದಾಗ ಮಾತ್ರ ತಾವು ಕೈ ಎತ್ತಿ, ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಹಾಕಿಸಿದಿರಿ. ಈ ದೇಶದ ಗೀತೆಗೆ ನೆಟ್ಟಗೆ ನಿಲ್ಲಬೇಕೆಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಹುಡುಗ ಎದೆಯ ಮೇಲೆ ಕೈಯಿಟ್ಟ, ಮೊಣಕಾಲು ನೇರ ಮಾಡಿದ, ಬೆನ್ನು ಸೆಟೆಸಿದ. ನಮ್ಮ ಕಣ್ಣೆದುರೇ ಬೆಳೆದುಬಿಟ್ಟ! "ಬಗ್ಗೋ, ಬಗ್ಗೋ!" ಎಂದು ಕೂಗೋಣವೆಂದರೆ ನಾವೆಲ್ಲರೂ ಎದೆಯ ಮೇಲೆ ಕೈಯಿಟ್ಟು ಬಾಯಿ ಮುಚ್ಚಿ ನಿಂತಿದ್ದೆವು. ತಾವು ಅಳತೆಪಟ್ಟಿ ಹಿಡಿದು ಗೆರೆ ಎಳೆದಿರಿ. ಜಾಣತನ, ಒಪ್ಪಿದೆ. ಆದರೆ ನಮ್ಮ ದೇಶಕ್ಕೆ ಮರ್ಯಾದೆ ಕೊಟ್ಟ ತಪ್ಪಿಗೆ ನಮ್ಮ ಲೀಗಿನಿಂದ ಆಚೆ ಹೋದವನು ಅವನೊಬ್ಬನೇ ಇರಬೇಕು.

ವಿಮಾನಕ್ಕೆ ಇನ್ನೂ ಮೂರು ದಿನವಿತ್ತು. ಊಟಕ್ಕೆ ನಮ್ಮಲ್ಲಿಗೇ ಬಂದ. ಕೊರಿತಾ ಬಡಿಸಿದಳು. ಮುಂದಿನದನ್ನು ಹೇಳಬೇಕೇ? ವಿಮಾನ ಹೋಯಿತು, ಇವನು ಉಳಿದ. ಈಗ ನಮ್ಮ ಬೀದಿಯಲ್ಲಿ ಯಾರ ಮನೆಯ ದೀಪ ಕೆಟ್ಟರೂ ಸ್ಟೂಲು ಹುಡುಕುವುದಿಲ್ಲ, ರಾಸ್ಕೋನನ್ನು ಕರೆಯುತ್ತಾರೆ. ಸಂಜೆ ಹವಾಯಿ ಚಪ್ಪಲಿ ತೊಟ್ಟ ಮಕ್ಕಳಿಗೆಲ್ಲ ಚೆಂಡಾಟ ಕಲಿಸುತ್ತಾನೆ. ಜೀಪ್ನಿಯಲ್ಲಿ ಕೂತರೆ ಗದ್ದ ಮೊಣಕಾಲಿಗೆ ತಾಗುತ್ತದೆ, ಆದರೂ ಒಂದು ದಿನ ಗೊಣಗಿದವನಲ್ಲ. ಇಂಥ ಅಳಿಯ ಸಿಕ್ಕಿದ್ದಕ್ಕೆ ನಾನು ತಮಗೆ ಋಣಿ ಎಂದು ಆಂಬೊ ಹಾಸ್ಯ ಮಾಡುತ್ತಾನೆ.

ಆದರೆ ಕಳೆದ ವಾರ ಟಿವಿಯಲ್ಲಿ ತಮ್ಮ ಹೊಸ ನಿಯಮದ ಸುದ್ದಿ ಬಂತು. ಆರು ಅಡಿ ಹತ್ತು ಇಂಚಿನ ಯಾರೋ ವಿಮಾನದಿಂದ ಇಳಿದು ಕೈಬೀಸುತ್ತಿದ್ದ, ಯಾರೂ ಅವನನ್ನು ಗೋಡೆಗೆ ನಿಲ್ಲಿಸಲಿಲ್ಲ. ರಾಸ್ಕೋ ನೋಡಿದ, ಎದ್ದ, ತೊಳೆದಿಟ್ಟಿದ್ದ ತಟ್ಟೆಗಳನ್ನೇ ಮತ್ತೆ ತೊಳೆಯತೊಡಗಿದ. ಹಿಂದಿನಿಂದ ಅವನ ಭುಜ ಅದುರುವುದು ಕಂಡಿತು. ಮೂಟೆ ಹೊತ್ತಾಗಲೂ ನಗುತ್ತಿದ್ದ ಹುಡುಗ ಸ್ವಾಮಿ ಅವನು!

ಬರುವ ಭಾನುವಾರ ತಮ್ಮ ಬೀಳ್ಕೊಡುಗೆಗೆ ಹಳೆಯ ಆಟಗಾರರ ಪಂದ್ಯವಿದೆಯಷ್ಟೇ? ಅದರಲ್ಲಿ ಇವನಿಗೊಂದು ಜಾಗ ಕೇಳಲು ತಮ್ಮ ಕಚೇರಿಗೆ ಹೋಗಿದ್ದೆ. ಮೇಜಿನ ಹಿಂದಿದ್ದ ಹುಡುಗಿ ಮೆತ್ತಗೆ ಹೇಳಿದಳು: "ಆಲಿಂಗ್, ಲೀಗಲ್ಲಿ ಒಂದಾದ್ರೂ ಮ್ಯಾಚ್ ಆಡಿರ್ಬೇಕು, ಅದೇ ರೂಲ್ಸು."

"ಆಡೋಕೆ ಬಿಟ್ಟಿದ್ರೆ ತಾನೇ ತಾಯಿ ಆಡೋದು?" ಎಂದೆ.

"ಅದೆಲ್ಲ ಕಮಿಷನರ್ ಸಾಹೇಬ್ರನ್ನೇ ಕೇಳ್ಬೇಕು."

ಕೇಳುತ್ತಿದ್ದೇನೆ. ಆಗಸ್ಟಿನಲ್ಲಿ ಅವನ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ, ಆಮೇಲೆ ಜಿಗಿಯುವಂತಿಲ್ಲ ಎಂದಿದ್ದಾರೆ ವೈದ್ಯರು. ಅಂದರೆ ಈ ಭಾನುವಾರ ತಪ್ಪಿದರೆ ತಪ್ಪಿದಂತೆಯೇ. ಅವನಿಗೆ ನಾನು ಈ ಪತ್ರ ಬರೆಯುವುದು ಇಷ್ಟವಿಲ್ಲ. "ಬಿಡಮ್ಮ, ಅವತ್ತು ಅವ್ರು ಆಚೆ ಹಾಕ್ದೆ ಇದ್ದಿದ್ರೆ ನಂಗೆ ಕೊರಿತಾ ಸಿಗ್ತಿದ್ಲಾ?" ಎನ್ನುತ್ತಾನೆ. ದೊಡ್ಡ ಮನಸ್ಸು. ನನ್ನದು ಅಷ್ಟು ದೊಡ್ಡದಲ್ಲ.

ತಮ್ಮ ಪ್ರತಿಮೆ ನಿಲ್ಲಿಸುತ್ತಾರಂತೆ, ನಿಲ್ಲಿಸಲಿ. ಇಪ್ಪತ್ತೆರಡು ವರ್ಷದ ಆಳ್ವಿಕೆ ಒಳ್ಳೆಯದೋ ಕೆಟ್ಟದ್ದೋ ಎಂದು ಪಂಡಿತರು ಬೇಕಾದಷ್ಟು ದಿನ ಜಗಳವಾಡಲಿ. ನನ್ನ ಬೇಡಿಕೆ ಒಂದು ನಿಮಿಷದ್ದು. ಭಾನುವಾರ ರಾಸ್ಕೋನನ್ನು ಒಂದು ನಿಮಿಷ ಅಂಗಳಕ್ಕಿಳಿಸಿ. ಅವನು ಚೆಂಡು ಬುಟ್ಟಿಗೆ ಹಾಕಬೇಕೆಂದಿಲ್ಲ, ಮುಟ್ಟದಿದ್ದರೂ ಚಿಂತೆಯಿಲ್ಲ. ಮೈಕಿನಲ್ಲಿ ಅವನ ಹೆಸರು ಒಮ್ಮೆ ಕೂಗಿಸಿ, ಸಾಕು. ಅವನ ಮಗಳು ಲಿಗಾಯಾಳನ್ನು ಶಾಲೆಯಲ್ಲಿ ಹುಡುಗರು "ನಿಮ್ಮಪ್ಪ ಬರೀ ಉದ್ದ, ಆಟಗಾರನೂ ಅಲ್ಲ ಏನೂ ಅಲ್ಲ" ಎಂದು ಆಡಿಕೊಂಡಿದ್ದಾರೆ. ಅವಳು ಬಂದು ನನ್ನ ಲಂಗದ ಅಂಚು ಹಿಡಿದು, "ಅಜ್ಜೀ, ಅಪ್ಪ ನಿಜವಾಗ್ಲೂ ಆಟಗಾರ ಆಗಿದ್ನಾ?" ಎಂದು ಕೇಳಿದಳು. ಹೌದು ಎಂದುಬಿಟ್ಟೆ. ನಾನು ಮಗುವಿಗೆ ನಿಜ ಹೇಳಿದೆನೋ ಸುಳ್ಳು ಹೇಳಿದೆನೋ, ಅದನ್ನು ತೀರ್ಮಾನಿಸುವುದು ಈಗ ತಮ್ಮ ಕೈಯಲ್ಲಿದೆ.

ಇಂತಿ,
ತಮ್ಮ ಕಠಿಣ ನಿಯಮದ ಏಕೈಕ ಫಲಾನುಭವಿ ಅತ್ತೆ,
ಲಿಯೋನೀಲಾ ಕತಿಗ್ಬಾಕ್
ಕ್ರೀಡಾಂಗಣದ ಹಿಂದಿನ ಊಟದಂಗಡಿ, ಕುಬಾವ್