ಹುಳದ ಮನೆಯ ಹೊಸಿಲು

ಪ್ರೀತಿಯ ಅತ್ತೆ,

ಹುಳು ಹಣ್ಣಾಗುತ್ತಿವೆ, ಇನ್ನೇನು ಗೂಡು ಕಟ್ಟುತ್ತವೆ. ಇಂಥ ಹೊತ್ತಿನಲ್ಲಿ ಕಾಗದ ಬರೆಯುತ್ತ ಕೂತ ಸೊಸೆಯನ್ನು ನೀವಿದ್ದಿದ್ದರೆ ಸುಮ್ಮನೆ ಬಿಡುತ್ತಿದ್ದಿರಾ? ಆದರೂ ನಿಮಗೆ ಹೇಳಲೇಬೇಕಾದ ಸುದ್ದಿಯೊಂದಿದೆ. ಕೈ ತೊಳೆದೇ ಕೂತಿದ್ದೇನೆ, ಬೈಯಬೇಡಿ.

ಮದುವೆಯಾಗಿ ಸಾದಲಿ ಹತ್ತಿರದ ಈ ಮನೆಗೆ ಬಂದ ಹೊಸತರಲ್ಲಿ ನನ್ನನ್ನು ಹುಳದ ಮನೆಯ ಹೊಸಿಲಲ್ಲೇ ತಡೆದು ಕೈ ಮೂಸಿದಿರಿ. ಹೆಣ್ಣು ನೋಡಲು ಬಂದಾಗಲೂ ಯಾರೂ ಅಷ್ಟು ಪರೀಕ್ಷೆ ಮಾಡಿರಲಿಲ್ಲ. "ರೇಷ್ಮೆ ಹುಳಕ್ಕೆ ಹೊಗೆಸೊಪ್ಪು ಅಂದ್ರೆ ವಿಷ ಕಣಮ್ಮ. ಸೋಕಿದ್ ಕೈಲಿ ಮೇವು ಹಾಕಿದ್ರೂ ಸಾಯ್ತವೆ," ಎಂದಿರಿ. ಆಮೇಲೆ ದನಿ ತಗ್ಗಿಸಿ, "ನಾನೂ ಎಲೆ ಅಡಿಕೆ ಜೊತೆ ಹಾಕ್ತಿದ್ದೆ. ಹುಳಕ್ಕೋಸ್ಕರ ಬಿಟ್ಟೆ. ನಿಮ್ಮಾವ ಹೇಳಿದ್ರೆ ನಾನು ಬಿಡ್ತಿದ್ನಾ?" ಎಂದು ನಕ್ಕಿರಿ. ಬಿಟ್ಟು ಅಷ್ಟು ವರ್ಷವಾದರೂ, ಪಕ್ಕದ ಮನೆಯವರು ಊಟ ಮುಗಿಸಿ ಎಲೆ ಅಡಿಕೆ ಚೀಲ ಬಿಚ್ಚಿದರೆ ನೀವು ಎದ್ದು ಒಳಗೆ ಹೋಗುತ್ತಿದ್ದಿರಿ.

ಆ ಸಲದ ಹುಳದ ಬೆಳೆ ನೆನಪಿದೆಯಲ್ಲ? ಊರಿನ ಪೆಟ್ಟಿಗೆ ಅಂಗಡಿಯಲ್ಲೇ ಕದ್ದು ಮದ್ಯದ ಪಾಕೆಟ್ಟು ಮಾರತೊಡಗಿದ ಮೇಲೆ ನಿಮ್ಮ ಮಗ ಬೆಳಗ್ಗೆಯೇ ಕುಡಿಯುವಂತಾದರು, ಬಾಯಿ ತುಂಬ ಗುಟ್ಕಾ. ಸಂಗದಿಂದ ಸನ್ಯಾಸಿ ಕೆಟ್ಟ ಎಂದು ಊರವರು ಆಡಿಕೊಂಡರು; ಆಡಿಕೊಂಡವರ ಮನೆಯಲ್ಲೂ ಅಂಥವರು ಒಬ್ಬೊಬ್ಬರು ಇದ್ದರು. ನಾವಿಬ್ಬರೂ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ, ಹುಳು ಹಸಿದಿವೆ ಎಂದು ಕನಿಕರಪಟ್ಟು ಇವರೇ ಒಳಗೆ ಹೋಗಿ ಮೇವು ಹಾಕಿದರು. ಸಂಜೆಗೆ ಹುಳು ತಲೆಯೆತ್ತಿ ಹಸಿರು ನೀರು ಕಕ್ಕಿದವು. ಅಷ್ಟೂ ತಟ್ಟೆ ಗುಂಡಿಗೆ ಸುರಿದೆವು. ಕೇಳಿದವರಿಗೆಲ್ಲ ನೀವು, "ಸೊಪ್ಪು ಸರಿಯಿರ್ಲಿಲ್ಲ" ಎಂದಿರಿ.

ಮಗನನ್ನು ಬೈಯಲೂ ಇಲ್ಲ. ಆದರೆ ಅಂದಿನಿಂದ ಅವರು ಹೊಸಿಲ ಬಳಿ ಬಂದರೆ ಸಾಕು, ನಿಮ್ಮ ಚಿಂತಾಮಣಿ ಕಡೆಯ ತೆಲುಗು ಹೊರಡುತ್ತಿತ್ತು: "ಚೆಯ್ಯಿ ಚೂಪಿಂಚರಾ." ಕೈ ತೋರಿಸೋ ಎಂದರೆ ಅವರು ಕೈ ಹಿಂದಕ್ಕೆ ಕಟ್ಟಿಕೊಂಡು ಹೊರಟುಹೋಗುತ್ತಿದ್ದರು. ನನಗೆ ಅವರ ಮೇಲೂ ಸಿಟ್ಟು, ನಿಮ್ಮ ಮೇಲೂ ಸಿಟ್ಟು.

ಹಾಸಿಗೆ ಹಿಡಿದ ಮೇಲೆ ಒಂದು ದಿನ ನನ್ನ ಕೈ ಹಿಡಿದು, "ನನ್ ಮಗ ಮುನಿರಾಜ ಒಳಕ್ಕೆ ಬಂದು ಹುಳ ಮುಟ್ಟೋದ್ ನೋಡ್ಬೇಕಿತ್ತು. ನಾನಿಲ್ಲ ಅಂತ ನೀನು ಸಡ್ಲ ಬಿಡ್ಬೇಡ ಕಣಮ್ಮ," ಎಂದಿರಿ. ಆಗಲಿ ಎಂದೆ. ಹೇಳುವುದು ಸುಲಭ, ಆದರೆ ಗಂಡನನ್ನು ಬಾಗಿಲಾಚೆ ನಿಲ್ಲಿಸುವುದು...

ನೀವು ಹೋದಮೇಲೆ ಕುಡಿತ ಬಿಡಿಸಲು ಇವರನ್ನು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದೆವು. ಬಂದರು, ಮತ್ತೆ ಕುಡಿದರು, ಮತ್ತೆ ಸೇರಿಸಿದೆವು. "ಇದು ಕಾಯಿಲೆನಮ್ಮ, ನಾಚ್ಕೊಳೋದೇನಿಲ್ಲ," ಎಂದರು ಡಾಕ್ಟರು. ಎರಡನೇ ಸಲ ಮನೆಗೆ ಬಂದವರು ಹೊಸಿಲಾಚೆಯೇ ನಿಂತು, "ನನ್ಗೊಂದು ತಟ್ಟೆ ಹುಳ ಬೇರೆ ಕೊಡು. ಪಡಸಾಲೇಲಿ ಸಾಕ್ತೀನಿ. ಸತ್ರೆ ಅಷ್ಟೇ ಸಾಯ್ಲಿ," ಎಂದರು. ಕೊಟ್ಟೆ. ಬಾಯಿ ಗುಟ್ಕಾ ಕೇಳಿದಾಗಲೆಲ್ಲ ಎದ್ದು ಹೋಗಿ ಮೇವು ಹಾಕುತ್ತಿದ್ದರು. ಒಳಗಿನ ನನ್ನ ಹುಳುಗಳಿಗಿಂತ ಅವೇ ದಪ್ಪಗಾದವು ಅಂದರೆ ನಂಬುತ್ತೀರಾ? ಗೂಡು ಕಟ್ಟಿದ ದಿನ ಒಂದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತುಬಿಟ್ಟರು. ನನಗೂ ಅಳು ತಡೆಯಲಾಗಲಿಲ್ಲ. ಮುಂದಿನ ಬೆಳೆಗೆ ಅವರ ಕೈ ಮೂಸಿ ನಾನೇ ಒಳಗೆ ಕರೆದೆ.

ಮೊನ್ನೆ ಗೌರಿಬಿದನೂರಿನಿಂದ ನನ್ನ ತಮ್ಮ ಬಂದಿದ್ದ. ಹುಳು ನೋಡುತ್ತೇನೆಂದು ಹೋದವನನ್ನು ಒಳಗಿನ ದನಿಯೊಂದು ತಡೆಯಿತು: "ಚೆಯ್ಯಿ ಚೂಪಿಂಚರಾ." ಅಡುಗೆಮನೆಯಲ್ಲಿದ್ದ ನಾನು ನೀವೇ ಎಂದುಕೊಂಡು ಬೆಚ್ಚಿದೆ. ತಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡ. ಅವನೂ ಗುಟ್ಕಾ ಶುರು ಮಾಡಿದ್ದಾನೆಂದು ನಮಗೆ ಗೊತ್ತಾದದ್ದು ಆಗಲೇ. ನಿಮ್ಮ ಮಗ ಹೊರಗೆ ಬಂದು ಅವನ ಹೆಗಲ ಮೇಲೆ ಕೈಹಾಕಿ, "ನಂಗೂ ಹಿಂಗೇ ಆಗಿತ್ತಪ್ಪ. ಬಾ, ಕೂತ್ಕೊಂಡು ಮಾತಾಡಣ," ಎಂದರು. ಈ ಬೆಳೆಯ ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿದ ಮೇಲೆ ಅವನನ್ನು ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರಂತೆ.

ಒಳಗಿನಿಂದ ಕೂಗುತ್ತಿದ್ದಾರೆ, ಗೂಡು ಕಟ್ಟೋಕೆ ಹುಳು ಬಿಡಬೇಕು, ಚಂದ್ರಿಕೆ ತಟ್ಟಿ ತಗೊಂಡು ಬಾ ಅಂತ. ಹೊರಟೆ ಅತ್ತೆ. ಒಳಗೆ ಹೋಗುವ ಮೊದಲು ನಿಮ್ಮ ಮಗನಿಗೆ ಕೈ ತೋರಿಸಬೇಕು.

ನಿಮ್ಮ ಸೊಸೆ,
ಪದ್ಮ